ಹೊಸ್ತಿಲೊಳಗಿನ ಬಿಸಿನೀರು

ಹ್ಯೂಸ್ಟನ್ನಿನಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಪೈಪುಗಳಿಗೆ ದಾರಿ ಹುಡುಕಿದವಳು. ಎಣ್ಣೆ ಶುದ್ಧಿ ಮಾಡುವ ಸ್ಥಾವರಗಳಲ್ಲಿ ಯಾವ ಪೈಪು ಎಲ್ಲಿಂದ ಹೊರಟು, ಯಾವುದರ ಕೆಳಗೆ ನುಸುಳಿ, ಎಲ್ಲಿ ಹೋಗಿ ಸೇರಬೇಕು ಎಂದು ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎಳೆಯುವುದೇ ನನ್ನ ಹೊಟ್ಟೆಪಾಡು. ನಾನು ಎಳೆದ ಗೆರೆಗಳನ್ನೆಲ್ಲ ಜೋಡಿಸಿದರೆ ಮೈಸೂರಿಗೆ ಮುಟ್ಟದಿದ್ದರೂ ಡಾಲಸ್ಸಿಗಂತೂ ಮುಟ್ಟೀತು. ಅಂಥವಳಿಗೆ ಸ್ವಂತ ಮನೆಯಲ್ಲಿ ಗ್ಯಾರೇಜಿನಿಂದ ಮಲಗುವ ಕೋಣೆಗೆ ಎರಡು ಪೈಪು ಒಯ್ಯುವ ದಾರಿ ಸಿಗಲಿಲ್ಲ. ಈ ಮಾತನ್ನು ನನ್ನ ಗಂಡ ಮನೆಗೆ ಬಂದವರಿಗೆಲ್ಲ ಹೇಳಿ ಮುಗಿಸಿದ್ದಾರೆ. ಅವರ ಬಾಯಿಂದ ಉಪ್ಪು ಖಾರ ಹಚ್ಚಿ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ಇಬ್ಬರೂ ನಿವೃತ್ತರಾದ ಮೇಲೆ ನಾವು ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನ ಹಳೆಯ ಮನೆ ಮಾರಿ ಆಸ್ಟಿನ್ನಿನ ಹತ್ತಿರದ ಜಾರ್ಜ್‌ಟೌನಿಗೆ ಬಂದೆವು. ಒಬ್ಬಳೇ ಮಗಳು ಫ್ಲೂಗರ್‌ವಿಲ್‌ನಲ್ಲಿದ್ದಾಳೆ, ಹತ್ತಿರವಾಗುತ್ತದೆ ಎಂದು. ಮನೆ ಹೊಸದು, ನಾವೇ ನಿಂತು ಕಟ್ಟಿಸಿದ್ದು. ಅಂದರೆ ಬಿಲ್ಡರ್ ಕಟ್ಟಿದ, ನಾವು ನಿಂತಿದ್ದೆವು.

ಇಲ್ಲಿ ಮನೆಯನ್ನು ಬೆಚ್ಚಗಿಡುವುದು ಗಾಳಿ. ಅಟ್ಟದಲ್ಲಿ ಕೂತ ಯಂತ್ರವೊಂದು ಗಾಳಿಯನ್ನು ಕಾಯಿಸಿ, ಚಾವಣಿಯ ಕಿಂಡಿಗಳಿಂದ ಬುಸ್ಸೆಂದು ಕೆಳಗೆ ಊದುತ್ತದೆ. ಊರಿಗೆಲ್ಲ ಒಗ್ಗಿದ ಆ ಒಣಗಾಳಿ ನನ್ನ ಗಂಡನಿಗೆ ಒಗ್ಗಲಿಲ್ಲ. ಅವರಿಗೆ ಚಿಕ್ಕಂದಿನಿಂದ ಉಬ್ಬಸ. ಹ್ಯೂಸ್ಟನ್ನಿನ ತೇವದ ಹವೆಯಲ್ಲಿ ಅದು ತೆಪ್ಪಗೆ ಮಲಗಿತ್ತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಎದ್ದು ಕೂತಿತು. ಯಂತ್ರ ಊದಿದಾಗಲೆಲ್ಲ ಕೆಮ್ಮು. ಫಿಲ್ಟರ್ ಬದಲಾಯಿಸಿದೆವು, ಕೋಣೆಯಲ್ಲಿ ನೀರಿನ ಪಾತ್ರೆ ಇಟ್ಟೆವು, ಕಿಂಡಿಗೆ ನನ್ನ ಹಳೆಯ ವಾಯಿಲ್ ಸೀರೆ ಕಟ್ಟಿದ್ದೂ ಆಯಿತು. ಅವರು ಪಕ್ಕೆ ಹಿಡಿದುಕೊಂಡು ಕುರ್ಚಿಯಲ್ಲೇ ಕೂತು ಬೆಳಗು ಮಾಡುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ನಾನು ಒಂದು ಕೆಮ್ಮಿಗೂ ಇನ್ನೊಂದಕ್ಕೂ ನಡುವೆ ಕಿವಿ ನೆಟ್ಟು ಮಲಗಿರುತ್ತಿದ್ದೆ.

ಆ ಚಳಿ ಮುಗಿಯುವ ಹೊತ್ತಿಗೆ ಅವರು ಹೇಳಿದರು: "ಮುಂದಿನ ಚಳಿ ನನ್ನ ಕೈಲಿ ಆಗಲ್ಲ ಕಣೇ. ನಾನು ಮೈಸೂರಿಗೆ ಹೋಗ್ಬಿಡ್ತೀನಿ. ತಂಗಿ ಮನೆ ಇದೆ. ನವೆಂಬರಲ್ಲಿ ಹೋದ್ರೆ ಫೆಬ್ರವರಿ ಮುಗಿಸ್ಕೊಂಡು ಬರ್ತೀನಿ."

"ನಾನೂ ಬರ್ತೀನಿ, ಏನೀಗ?" ಎಂದೆ. ಅಷ್ಟರಲ್ಲಿ ಬೇಸಿಗೆ ಬಂತು, ಅದರ ಹಿಂದೆಯೇ ಮಗಳ ಫೋನು ಬಂತು. ಜನವರಿಯಲ್ಲಿ ಹೆರಿಗೆ. ಮದುವೆಯಾಗಿ ಬಹಳ ವರ್ಷ ಕಾದು ನಿಂತ ಬಸಿರು. ಬಾಣಂತನಕ್ಕೆ ನಾನು ಇಲ್ಲಿರಲೇಬೇಕು. ತಾತ ಮಾತ್ರ ಮೈಸೂರಿನಲ್ಲಿ ಕೂತು ಫೋನಿನ ಗಾಜಿನೊಳಗೆ ಮೊಮ್ಮಗುವಿನ ಮುಖ ನೋಡಬೇಕು. ಅವರು ಗ್ಯಾರೇಜಿಗೆ ಹೋಗಿ, ಮಗಳು ಮಲಗಿದ್ದ ಹಳೆಯ ತೊಟ್ಟಿಲನ್ನು ಇಳಿಸಿ ಉಜ್ಜತೊಡಗಿದರು. ಜಗಳವಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಆ ಉಜ್ಜುವ ಸದ್ದು ಕೇಳಲಾರದೆ ಅಡಿಗೆಮನೆಗೆ ಹೋಗಿ ಮಿಕ್ಸಿ ಹಾಕಿದೆ.

ರೇಡಿಯೇಟರಿನ ಮಾತು ತೆಗೆದವರು ಡಾಲಸ್ಸಿನಲ್ಲಿರುವ ನಮ್ಮ ಭಾವ, ನನ್ನ ಗಂಡನ ಅಣ್ಣ. ಅವರು ಡಾಕ್ಟರು, ಅಮೆರಿಕಕ್ಕೆ ಬರುವ ಮೊದಲು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದವರು. "ಅಲ್ಲಿ ಈ ಊದೋ ಕಾಟಾನೇ ಇರ್ಲಿಲ್ಲಮ್ಮ. ಗೋಡೆಗೆ ಒಂದು ಕಬ್ಬಿಣದ ಹಲಗೆ, ಅದರೊಳಗೆ ಬಿಸಿನೀರು. ಸುಮ್ನೆ ಬೆಚ್ಚಗಿರತ್ತೆ, ಅಷ್ಟೆ. ಇವನು ಅಲ್ಲಿಗೆ ಬಂದಾಗ ಒಂದು ಸಲಾನೂ ಕೆಮ್ಮಿದ್ದು ಜ್ಞಾಪಕ ಇಲ್ಲ ನಂಗೆ" ಎಂದರು. ನನ್ನ ತಲೆಯಲ್ಲಿ ಆಗಲೇ ಗೆರೆ ಓಡತೊಡಗಿತ್ತು. ಗ್ಯಾರೇಜಿನಲ್ಲಿ ಗ್ಯಾಸಿನ ಬಾಯ್ಲರು, ಬಿಸಿನೀರು ಹೋಗಲು ಒಂದು ಪೈಪು, ತಣಿದ ನೀರು ಮರಳಲು ಒಂದು ಪೈಪು. ಇಷ್ಟಕ್ಕೆ ಇಷ್ಟು ದಿನ ಒದ್ದಾಡಿದೆವೇ ಎಂದುಕೊಂಡೆ.

ಟೆಕ್ಸಸ್ಸಿನಲ್ಲಿ ರೇಡಿಯೇಟರ್ ಎಂದರೆ ಜನ ಕಾರಿನ ಬಾನೆಟ್ಟು ತೆಗೆಯುತ್ತಾರೆ. ಕೊನೆಗೆ ಆಸ್ಟಿನ್ನಿನ ಒಬ್ಬ ಪ್ಲಂಬರ್ ಸಿಕ್ಕ. ಮಿನ್ನೆಸೋಟಾದ ಹಿಮದಲ್ಲಿ ಬೆಳೆದವನು, ಅಲ್ಲಿ ಈ ಕೆಲಸ ಮಾಡಿದವನು. ಭಾವನವರೇ ಡಾಲಸ್ಸಿನ ಗೋದಾಮೊಂದರಿಂದ ರೇಡಿಯೇಟರುಗಳನ್ನು ಕಳಿಸಿಕೊಟ್ಟರು. ಬಿಳಿಯ, ನುಣುಪಾದ ಹಲಗೆಗಳು. ನನಗೆ ತಡೆಯಲಿಲ್ಲ. "ಮೊದಲು ಗೋಡೆಗೆ ಹಾಕು" ಎಂದೆ. ಹಾಲಿಗೊಂದು, ನಮ್ಮ ಕೋಣೆಗೊಂದು, ಬಾಣಂತಿಯ ಕೋಣೆಗೊಂದು, ಎಲ್ಲ ಕಿಟಕಿಗಳ ಕೆಳಗೆ ಅಚ್ಚುಕಟ್ಟಾಗಿ ಕೂತವು. ಆಮೇಲೆ ಅವನು ಕೈ ಒರೆಸಿಕೊಂಡು, ಪೈಪು ಯಾವ ಕಡೆಯಿಂದ ತರಲಿ ಎಂದು ಕೇಳಿದ.

ನೆಲದಿಂದ ಎಂದೆ. ಅವನು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ನೆಲದಲ್ಲಿ ಒತ್ತಿದ್ದ ಅಕ್ಷರಗಳನ್ನು ತೋರಿಸಿದ. ಕಾಂಕ್ರೀಟಿನೊಳಗೆ ವೀಣೆಯ ತಂತಿಯ ಹಾಗೆ ಬಿಗಿದ ಉಕ್ಕಿನ ಹಗ್ಗಗಳಿವೆ, ಕೊರೆಯಬೇಡಿ, ಕತ್ತರಿಸಬೇಡಿ ಎಂದು ಎಚ್ಚರಿಕೆ. ಅದು ನನಗೂ ಗೊತ್ತಿದ್ದದ್ದೇ, ಉತ್ಸಾಹದಲ್ಲಿ ಮರೆತಿದ್ದೆ. ಹಾಗಾದರೆ ಅಟ್ಟದ ಮೇಲಿಂದ ತರೋಣ ಎಂದ ಅವನು. ಈಗ ಬೇಡ ಎನ್ನುವ ಸರದಿ ನನ್ನದು. ಹಿಂದೆ ಬಂದ ದೊಡ್ಡ ಶೀತದಲ್ಲಿ ಕರೆಂಟು ಹೋಗಿ, ಅಟ್ಟದ ಪೈಪು ಒಡೆದು, ಎಷ್ಟೋ ಜನರ ಮನೆಯ ಚಾವಣಿ ಅವರವರ ಸೋಫಾದ ಮೇಲೆ ಬಂದು ಕೂತಿತ್ತು. ನಾನು ಬದುಕಿರುವವರೆಗೆ ನನ್ನ ತಲೆಯ ಮೇಲೆ ನೀರಿನ ಪೈಪು ಹೋಗಕೂಡದು ಎಂದೆ.

ಉಳಿದದ್ದು ಗೋಡೆಯ ಒಳಗೆ. ಇಲ್ಲಿನ ಗೋಡೆ ಇಟ್ಟಿಗೆಯದಲ್ಲ, ಮರದ ಚೌಕಟ್ಟು, ಮೇಲೆ ಹಲಗೆ. ಒಳಗೆ ಎಲ್ಲಿ ವೈರಿದೆ, ಎಲ್ಲಿ ನೀರಿನ ಕೊಳವೆ ಇದೆ ಎಂದು ತಿಳಿಯದೆ ಕೊರೆದರೆ ಕೆಟ್ಟಂತೆ. ಹಲಗೆ ಹೊಡೆಯುವ ಮೊದಲು ತೆಗೆದ ಫೋಟೋ ಇದೆಯೇ ಎಂದು ಪ್ಲಂಬರ್ ಕೇಳಿದ.

ಇರದೆ ಏನು? ಚೌಕಟ್ಟು ಎದ್ದ ವಾರವೇ ನಾವು ಒಳ್ಳೆಯ ಮುಹೂರ್ತ ನೋಡಿ, ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿಸಿದ್ದೆವು. ಕೋಣೆ ಕೋಣೆಯಲ್ಲೂ, ಗೋಡೆ ಗೋಡೆಗೂ ಫೋಟೋ ತೆಗೆಸಿದ್ದೆವು. ಬೀಗಿಕೊಂಡೇ ಲ್ಯಾಪ್‌ಟಾಪ್ ತಂದು ತೆರೆದೆ.

ಮೊದಲ ಫೋಟೋ ಮಲಗುವ ಕೋಣೆಯ ಉತ್ತರದ ಗೋಡೆ. ಅದರ ಮುಂದೆ ನನ್ನ ಓರಗಿತ್ತಿ, ಡಾಲಸ್ ಭಾವನ ಹೆಂಡತಿ, ಎಲೆಹಸಿರು ರೇಷ್ಮೆ ಸೀರೆಯ ಸೆರಗನ್ನು ಪೂರಾ ಹರಡಿಕೊಂಡು ನಿಂತಿದ್ದಾರೆ. ಎರಡನೆಯದು ಹಾಲಿನ ಗೋಡೆ; ಭಾವ ಮತ್ತು ನನ್ನ ಗಂಡ, ಹೆಗಲಿಗೆ ಹೆಗಲು. ಮೂರನೆಯದರಲ್ಲಿ ಹ್ಯೂಸ್ಟನ್ನಿನಿಂದ ಬಸ್ಸು ಮಾಡಿಕೊಂಡು ಬಂದ ಬಳಗವೆಲ್ಲ ಎರಡು ಸಾಲಾಗಿ, ಮುಂದಿನ ಸಾಲು ಕೂತು, ಹಿಂದಿನ ಸಾಲು ನಿಂತು. ಗೋಡೆ ಎನ್ನುವುದು ಅವರ ಕಿವಿಗಳ ನಡುವೆ ಅಲ್ಲೊಂದು ಚೂರು ಇಲ್ಲೊಂದು ಚೂರು. ಪ್ಲಂಬರ್ ಗಂಭೀರವಾಗಿ ಒಂದೊಂದನ್ನೂ ನೋಡಿದ. ಎಷ್ಟೊಂದು ಒಳ್ಳೆಯ ಕುಟುಂಬ ಎಂದ. ಒಂದೇ ಒಂದು ಫೋಟೋದಲ್ಲಿ ಗೋಡೆ ಪೂರ್ತಿ ಕಾಣುತ್ತಿತ್ತು. ಅದು ಯಾರದೋ ನಾಯಿ ನಿಂತ ಫೋಟೋ, ಅದೂ ಬಚ್ಚಲಿನದು.

ನನ್ನ ಗಂಡ ನಕ್ಕು ನಕ್ಕು ಕೆಮ್ಮಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದ ರಭಸಕ್ಕೆ ಪ್ಲಂಬರ್ ಕಾಫಿ ಲೋಟ ಎತ್ತಿಕೊಂಡು ಹಿಂದೆ ಸರಿದ.

ಇನ್ನು ಉಳಿದಿದ್ದು ಗೋಡೆಯ ಮೇಲೆಯೇ, ಎಲ್ಲರಿಗೂ ಕಾಣುವಂತೆ, ನೆಲದ ಅಂಚಿನಲ್ಲಿ ಪೈಪು ಓಡಿಸುವುದು. ಅದರಲ್ಲಿ ನನಗೆ ನಾಚಿಕೆಯಿಲ್ಲ. ನಾನು ಬೆಳೆದ ಮೈಸೂರಿನ ಮನೆಯಲ್ಲಿ ಪೈಪೆಲ್ಲ ಗೋಡೆಯ ಮೇಲೆಯೇ ಇತ್ತು, ಎಲ್ಲಿ ಸೋರಿದರೂ ಅಜ್ಜಿಗೆ ಕೂತಲ್ಲೇ ಕಾಣುತ್ತಿತ್ತು. ತೊಡಕು ಬಂದದ್ದು ಬಾಗಿಲುಗಳಲ್ಲಿ. ನೆಲದ ಅಂಚಿನಲ್ಲಿ ಬಂದ ಪೈಪು ಬಾಗಿಲಿಗೆ ಬಂದು ಏನು ಮಾಡಬೇಕು? ಕೆಳಗೆ ಹೋಗಲು ನೆಲ ಬಿಡುವುದಿಲ್ಲ. ಬಾಗಿಲಿನ ತಲೆಯ ಮೇಲೆ ಹತ್ತಿಸಿ ಇಳಿಸಿದರೆ ಆ ನೆತ್ತಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ; ನೀರು ನಿಲ್ಲುತ್ತದೆ, ನಿಲ್ಲದಿದ್ದರೆ ದಿನವಿಡೀ ಗುಳುಗುಳು ಅನ್ನುತ್ತದೆ. ಗಾಳಿ ಬಿಡಲು ಪ್ರತಿ ಬಾಗಿಲ ಮೇಲೂ ಒಂದು ತಿರುಪು, ಅದನ್ನು ತಿರುಗಿಸಲು ಏಣಿ, ಏಣಿ ಹತ್ತಲು ಈ ವಯಸ್ಸಿನಲ್ಲಿ ನಾವಿಬ್ಬರು. ಬೇಡವೇ ಬೇಡ ಎಂದೆ. ಮತ್ತೆ ಯೋಚಿಸಿ ಫೋನು ಮಾಡಿ ಎಂದು ಹೇಳಿ ಪ್ಲಂಬರ್ ಹೊರಟುಹೋದ. ಖಾಲಿ ರೇಡಿಯೇಟರುಗಳು ಗೋಡೆಯಲ್ಲಿ ನೇತಾಡುತ್ತ ಉಳಿದವು.

ದೀಪಾವಳಿ ಹತ್ತಿರವಾಗುತ್ತಿತ್ತು. ಹಬ್ಬದೊಳಗೆ ಟಿಕೆಟ್ ತೆಗೆಯಲೇಬೇಕು, ಆಮೇಲೆ ಸಿಗುವುದಿಲ್ಲ ಎಂದು ಮೈಸೂರಿನ ನಾದಿನಿ ವಾರಕ್ಕೆರಡು ಸಲ ನೆನಪಿಸುತ್ತಿದ್ದರು. ತೊಟ್ಟಿಲು ಉಜ್ಜಿ ಮುಗಿದಿತ್ತು. ನಾನು ಕೂತಲ್ಲಿ ನಿಂತಲ್ಲಿ ಗೋಡೆ ನೋಡುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ದೇವರ ಕೋಣೆಯ ಹೊಸ್ತಿಲು ಒರೆಸುತ್ತಿದ್ದೆ. ಕೋಣೆ ಎನ್ನುವುದು ದೊಡ್ಡ ಮಾತು, ಕೋಟು ನೇತುಹಾಕಲು ಬಿಲ್ಡರ್ ಕೊಟ್ಟ ಗೂಡು ಅದು. ಅಮೆರಿಕದ ಮನೆಗಳ ಒಳಬಾಗಿಲಿಗೆ ಹೊಸ್ತಿಲು ಇರುವುದಿಲ್ಲ. ದೇವರಿಗಾದರೂ ಹೊಸ್ತಿಲು ಬೇಡವೇ ಎಂದು ನಾನು ಹಟ ಹಿಡಿದಿದ್ದಕ್ಕೆ ನನ್ನ ಗಂಡ ಹಲಗೆಗಳನ್ನು ಡಬ್ಬದ ಹಾಗೆ ಜೋಡಿಸಿ, ನಾಲ್ಕು ಬೆರಳೆತ್ತರದ ಹೊಸ್ತಿಲೊಂದನ್ನು ಮಾಡಿ ಕೂರಿಸಿದ್ದರು. "ಇದೇನು ಹೊಸ್ತಿಲೋ, ಬೂಟಿನ ಡಬ್ಬಾನೋ?" ಎಂದು ಆಗ ಹಂಗಿಸಿದ್ದೆ. ಅರಿಶಿನ ಹಚ್ಚಲು ಬಟ್ಟಲು ಇಟ್ಟಾಗ ಅದು ಟೊಳ್ಳಾಗಿ ಸದ್ದು ಮಾಡಿತು. ನಾನು ಬೆರಳಿನಿಂದ ಇನ್ನೊಮ್ಮೆ ತಟ್ಟಿದೆ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನನ್ನ ಕತೆ. ಪೈಪು ಬಾಗಿಲು ದಾಟಬೇಕಾದದ್ದು ನೆಲದ ಕೆಳಗೂ ಅಲ್ಲ, ತಲೆಯ ಮೇಲೂ ಅಲ್ಲ. ನೆಲದ ಮೇಲೆ, ಹೊಸ್ತಿಲ ಒಳಗೆ. "ರೀ, ಬನ್ನಿ ಇಲ್ಲಿ" ಎಂದು ಕೂಗಿದ ದನಿಗೆ ಅವರು ಪೇಪರ್ ಬಿಟ್ಟು ಓಡಿಬಂದರು, ನಾನು ಬಿದ್ದೆನೋ ಎಂದು.

ಹೇಳಿದೆ. ಅವರು ಹೊಸ್ತಿಲನ್ನು ನೋಡಿದರು, ನನ್ನನ್ನು ನೋಡಿದರು. "ಬೂಟಿನ ಡಬ್ಬ" ಎಂದರು, ಅಷ್ಟೆ.

ಮಗಳಿಗೆ ಮಾತ್ರ ಇದು ಸರಿಬರಲಿಲ್ಲ. ಅವಳು ಕೆಲಸದಲ್ಲೂ ಮನೆಯಲ್ಲೂ ಅಪಾಯಗಳ ಪಟ್ಟಿ ಮಾಡುವವಳು. ಭಾನುವಾರ ಊಟಕ್ಕೆ ಬಂದವಳು, ದೊಡ್ಡ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವಾದಕ್ಕೆ ನಿಂತಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ.

"ಅಮ್ಮಾ, ನೋ. ದಟ್ಸ್ ಎ ಟ್ರಿಪ್ ಹಜಾರ್ಡ್. ಮಗು ಎತ್ಕೊಂಡು ಯಾರಾದ್ರೂ ಎಡವಿದ್ರೆ?"

ಎಡವುವುದು ಎಂಬ ಮಾತು ಕನ್ನಡದಲ್ಲಿ ಬಂದಿತೆಂದರೆ ಅವಳಿಗೆ ನಿಜವಾಗಿಯೂ ಭಯವಾಗಿದೆ ಎಂದರ್ಥ. ಅವಳು ಮಾತು ಮುಂದುವರಿಸುತ್ತಲೇ ಪ್ರಸಾದದ ಬಾಳೆಹಣ್ಣಿಗೆಂದು ದೇವರ ಕೋಣೆಯೊಳಗೆ ಹೋದಳು, ಹಣ್ಣು ಸುಲಿಯುತ್ತಲೇ ಈಚೆಗೆ ಬಂದಳು. ಹೋಗುವಾಗ ಬಲಗಾಲು ಎತ್ತಿ ದಾಟಿದಳು, ಬರುವಾಗಲೂ ಎತ್ತಿ ದಾಟಿದಳು. ಕಣ್ಣು ಪೂರ್ತಿ ನನ್ನ ಮೇಲೆ, ಕೆಳಗೆ ನೋಡಿದ್ದೇ ಇಲ್ಲ.

"ಈಗೇನು ಮಾಡ್ದೆ?" ಎಂದೆ.

"ವಾಟ್?"

"ಹೊಸ್ತಿಲು ದಾಟ್ದೆ. ನೋಡ್ದೇ ದಾಟ್ದೆ."

ಅವಳು ತಿರುಗಿ ಹೊಸ್ತಿಲನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಅವಳು ಹುಟ್ಟಿದ್ದು ಹ್ಯೂಸ್ಟನ್ನಿನಲ್ಲಿ. ಆದರೆ ಕ್ಲಿಯರ್ ಲೇಕಿನ ಮನೆಯಲ್ಲೂ ದೇವರಿಗೆ ಒಂದು ಹೊಸ್ತಿಲಿತ್ತು, ಅದನ್ನು ತುಳಿದಾಗಲೆಲ್ಲ ನಾನು ಗದರಿದ್ದೆ. ಕನ್ನಡದಲ್ಲಿ ಉತ್ತರ ಕೊಡುವುದನ್ನು ಕಲಿಸಲಾಗದಿದ್ದರೂ ಕಾಲಿಗೆ ಇಷ್ಟು ಕಲಿಸಿದ್ದೆನಲ್ಲ ಎಂದು ಖುಷಿಯಾಯಿತು. "ಓಕೆ, ಫೈನ್. ಬೆಡ್‌ರೂಮ್ಸ್ ಓನ್ಲಿ" ಎಂದು ಅವಳು ಒಪ್ಪಿದಳು.

ಪ್ಲಂಬರನನ್ನು ಕರೆಸಿದೆವು. ಕೇಳಿ ಗಡ್ಡ ಕೆರೆದುಕೊಂಡ. ಇಂಥದ್ದನ್ನು ಮಾಡಿಲ್ಲ, ಆದರೆ ಕೆಡುವಂಥದ್ದೇನೂ ಕಾಣುವುದಿಲ್ಲ ಎಂದ. ತಾಮ್ರದ ಪೈಪುಗಳು ಗ್ಯಾರೇಜಿನಿಂದ ಹೊರಟು ಹಾಲಿನ ಅಂಚಿನಲ್ಲಿ ಜೋಡಿಯಾಗಿ ಓಡಿದವು. ಹಾಲಿಗೆ ಬಾಗಿಲೇ ಇಲ್ಲ, ತೊಂದರೆಯಿಲ್ಲ. ಕೋಣೆಗಳ ಬಾಗಿಲಿಗೆ ನನ್ನ ಗಂಡ ಹೊಸ್ತಿಲು ಮಾಡಿದರು, ಈ ಸಲ ನನ್ನ ಅಳತೆಗೆ. ಬಾಗಿಲುಗಳನ್ನು ಕಳಚಿ ಕೆಳಗಿನಿಂದ ಅಷ್ಟೇ ಎತ್ತರ ಕೊಯ್ಯಬೇಕಾಯಿತು. ಪೈಪುಗಳಿಗೆ ಸ್ಪಂಜಿನ ಕವಚ ತೊಡಿಸಿದೆವು. ನಮ್ಮ ಕೋಣೆಯ ಹೊಸ್ತಿಲಿನೊಳಗೆ ಮಾತ್ರ ಅದಕ್ಕೆ ಜಾಗ ಸಾಲಲಿಲ್ಲ. ಬಿಟ್ಟುಬಿಡು ಎಂದೆ, ಒಂದು ತುಂಡು ಮರ ಬೆಚ್ಚಗಾದರೆ ಯಾರ ಗಂಟು ಹೋಗುತ್ತದೆ. ಕೆಲಸದ ನಡುವೆ ಪ್ಲಂಬರ್ ಎರಡು ಸಲ ಎಡವಿದ. ಆಮೇಲೆ ಅವನೂ ಕಲಿತ; ಕೊನೆಯ ದಿನ ಹೊಸ್ತಿಲೇ ಇಲ್ಲದ ಅಡಿಗೆಮನೆಯ ಬಾಗಿಲಲ್ಲೂ ಕಾಲೆತ್ತಿ ದಾಟಿದ.

ನೀರು ತುಂಬಿಸಿ, ರೇಡಿಯೇಟರುಗಳ ಗಾಳಿ ಬಿಟ್ಟು, ಬಾಯ್ಲರ್ ಹಚ್ಚಿದೆವು. ಎಲ್ಲವೂ ಬಿಸಿಯಾದವು, ಎಲ್ಲಿಯೂ ಸೋರಲಿಲ್ಲ. ಆದರೆ ಹೊರಗೆ ಟೆಕ್ಸಸ್ಸಿನ ಅಕ್ಟೋಬರ್, ಬೆವರು ಸುರಿಯುವ ಬಿಸಿಲು. ಚಳಿಯೇ ಇಲ್ಲದೆ ಉಬ್ಬಸದ ಪರೀಕ್ಷೆ ಮಾಡುವುದು ಹೇಗೆ? ಟಿಕೆಟ್ಟಿಗೆ ಮಾತ್ರ ಗಡುವು ಬಂದಿತ್ತು. ನಾದಿನಿ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ.

"ಇಲ್ಲಮ್ಮ, ಬೇಡ. ಈ ಸಲ ಬರಲ್ಲ" ಎಂದರು ನನ್ನ ಗಂಡ. ಫೋನು ಇಟ್ಟಮೇಲೆ ನನ್ನ ಕಡೆ ನೋಡಿ, "ನೀನು ಹಾಕಿರೋ ಪೈಪು ಅಲ್ವಾ?" ಎಂದರು.

ಹ್ಯೂಸ್ಟನ್ನಿನ ಅಷ್ಟು ವರ್ಷಗಳ ಕೆಲಸದಲ್ಲಿ ಯಾರೂ ನನ್ನ ಗೆರೆಯನ್ನು ಲೆಕ್ಕ ನೋಡದೆ ಒಪ್ಪಿದ್ದಿಲ್ಲ. ಹೆಮ್ಮೆಪಡಬೇಕಾದಲ್ಲಿ ನನಗೆ ಭಯವಾಯಿತು. ಪೈಪು ಸರಿಯಿದ್ದು ಎದೆ ಕೈಕೊಟ್ಟರೆ? ಮಗಳ ಬಾಣಂತನ, ಇವರ ಉಬ್ಬಸ, ಎರಡೂ ಒಟ್ಟಿಗೆ ಬಂದರೆ ನಾನು ಯಾವ ಕೋಣೆಗೆ ಓಡಲಿ?

ನವೆಂಬರ್ ಹಗುರಾಗಿ ಹೋಯಿತು. ಡಿಸೆಂಬರಿನ ಸಣ್ಣಪುಟ್ಟ ಚಳಿಯಲ್ಲಿ ರೇಡಿಯೇಟರುಗಳು ಸದ್ದಿಲ್ಲದೆ ಕೆಲಸ ಮಾಡಿದವು. ನನ್ನ ಗಂಡ ಅಲ್ಲೊಂದು ಇಲ್ಲೊಂದು ಕೆಮ್ಮಿದರೆ ನಾನು ಸೌಟು ಕೆಳಗಿಟ್ಟು ಕಿವಿ ಕೊಡುತ್ತಿದ್ದೆ. ರೇಡಿಯೇಟರಿನ ಪಕ್ಕ ಹೆಪ್ಪು ಹಾಕಿಟ್ಟರೆ ಗಟ್ಟಿ ಮೊಸರಾಗುತ್ತದೆ ಎಂಬುದನ್ನು ಕಂಡುಹಿಡಿದೆ; ಜಾರ್ಜ್‌ಟೌನಿನಲ್ಲಿ ಚಳಿಗಾಲದ ಮೊಸರಿಗಾಗಿ ಓವನ್ನಿನೊಳಗಿನ ದೀಪ ಉರಿಸುವ ಹೆಂಗಸರೆಲ್ಲ ಬಂದು ನೋಡಿ ಹೋದರು.

ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತಿ ಮಗುವಿನೊಡನೆ ನಮ್ಮ ಮನೆಗೆ ಬಂದ ವಾರವೇ ಉತ್ತರದಿಂದ ದೊಡ್ಡ ಚಳಿ ಇಳಿಯಿತು. ರಸ್ತೆಯೆಲ್ಲ ಮಂಜುಗಡ್ಡೆ. ಸಂಜೆ ಕರೆಂಟು ಹೋಯಿತು. ಆ ಊದುವ ಯಂತ್ರಕ್ಕೆ ಬೇಕಾದ ಕರೆಂಟಿನ ಮುಂದೆ ಬಿಸಿನೀರು ಓಡಿಸುವ ನಮ್ಮ ಪುಟ್ಟ ಪಂಪಿಗೆ ಬೇಕಾದದ್ದು ಏನೂ ಅಲ್ಲ. ಬಾಯ್ಲರಿಗೂ ಪಂಪಿಗೂ ಆಗುವಂತೆ ನನ್ನ ಗಂಡ ಒಂದು ಬ್ಯಾಟರಿ ಕೂಡಿಸಿಟ್ಟಿದ್ದರು. ಅದು ತಡೆದುಕೊಳ್ಳುತ್ತದೆಯೇ ಎಂಬುದು ಅವರ ಚಿಂತೆ, ಅವರು ತಡೆದುಕೊಳ್ಳುತ್ತಾರೆಯೇ ಎಂಬುದು ನನ್ನದು. ಬಾಣಂತಿಗೆ ಮೆಣಸಿನ ಸಾರು ಅನ್ನ ಕೊಟ್ಟು ಬಂದು, ಎಚ್ಚರವಾಗಿರಬೇಕು ಎಂದುಕೊಂಡೇ ತಲೆದಿಂಬಿಗೆ ಒರಗಿದೆ. ದಣಿದಿದ್ದೆ. ನಿದ್ದೆ ಹೊಡೆದುಹಾಕಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಬರುತ್ತಿತ್ತು. ಮನೆಯಲ್ಲಿ ಏನೇನೂ ಸದ್ದಿಲ್ಲ. ಫ್ರಿಜ್ಜಿನ ಸದ್ದಿಲ್ಲ, ಮಗುವಿನ ಸದ್ದಿಲ್ಲ, ಕೆಮ್ಮಿನ ಸದ್ದೂ ಇಲ್ಲ. ಇಡೀ ರಾತ್ರಿ ಕೆಮ್ಮು ನನ್ನನ್ನು ಎಬ್ಬಿಸಿರಲಿಲ್ಲ. ಇದು ಎಷ್ಟು ಸಂತೋಷದ ವಿಷಯ ಎಂದು ಹೊಳೆಯುವ ಮೊದಲು ಪಕ್ಕದ ಹಾಸಿಗೆಗೆ ಕೈ ಚಾಚಿದೆ, ಖಾಲಿ. ಕುರ್ಚಿಯೂ ಖಾಲಿ. ಶಾಲು ಕೂಡ ಹೊದೆಯದೆ ಎದ್ದೆ.

ಅವರು ದೂರ ಹೋಗಿರಲಿಲ್ಲ. ನಮ್ಮ ಕೋಣೆಯ ಹೊಸ್ತಿಲಿನ ಮೇಲೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕೂತಿದ್ದರು. ಮಡಿಲಲ್ಲಿ ಮೊಮ್ಮಗಳು, ಟೋಪಿ ಹಾಕಿಕೊಂಡು ಗಾಢ ನಿದ್ದೆಯಲ್ಲಿ. "ಅವಳು ಮಲಗ್ಲಿ ಅಂತ ಇವಳನ್ನ ಎತ್ಕೊಂಡ್ ಬಂದೆ. ಇಲ್ಲಿ ಚೆನ್ನಾಗಿ ಬೆಚ್ಚಗಿದೆ ಕಣೇ" ಎಂದು ಪಿಸುಗುಟ್ಟಿದರು. ಮಾತಿನ ನಡುವೆ ಉಸಿರಿಗಾಗಿ ಎಲ್ಲಿಯೂ ನಿಲ್ಲಲಿಲ್ಲ. ಅವರ ಉಸಿರು ಮಗುವಿನದಷ್ಟೇ ಸಲೀಸಾಗಿ ಹೋಗಿಬರುತ್ತಿತ್ತು. ಹೋದ ವರ್ಷದಿಂದ ನನ್ನ ಎದೆಯ ಮೇಲೆ ಕೂತಿದ್ದ ಭಾರವೊಂದು ಇಳಿಯಿತು. ಇಳಿದ ಮೇಲೆಯೇ ಅದು ಎಷ್ಟಿತ್ತೆಂದು ತಿಳಿದದ್ದು.

ಹೊಸ್ತಿಲ ಮೇಲೆ ಕೂರಬಾರದು. ಹಿರಣ್ಯಕಶಿಪುವಿಗೆ ಏನಾಯಿತೆಂದು ಗೊತ್ತಿದ್ದವರು ಯಾರೂ ಕೂರುವುದಿಲ್ಲ. ನನ್ನ ಅಜ್ಜಿ ನನಗೆ, ನಾನು ನನ್ನ ಮಗಳಿಗೆ ಗದರಿದ ಗದರಿಕೆ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಬಾಯಿ ತೆರೆದೆ.

"ಸ್ವಲ್ಪ ಆ ಕಡೆ ಸರೀರಿ" ಎಂದೆ.

ಅವರು ಸರಿದರು. ನಾನೂ ಕೂತೆ. ಮರ ಬೆಚ್ಚಗಿತ್ತು.